ಮೂರನೇ ಕೋಣೆಗೆ ಏನೂ ಕೊಡಬೇಡಿ

ಒಂಬತ್ತು ದೇಶಗಳ ಬೋಧನಾ ಸಂಶೋಧನೆಯನ್ನು ಓದಿ, ಸೋಸಿ, ಸರಾಸರಿ ತೆಗೆದು ಶಾಲೆಗಳಿಗೆ ಹಂಚುವ ಉನ್ನತ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಸದಸ್ಯರು, ಉಪಸಮಿತಿಯವರು ಹಾಗೂ ಅವರೆಲ್ಲರ ಬಣ್ಣಬಣ್ಣದ ನಕ್ಷೆಗಳು ಕ್ಷೇಮವೆಂದು ನಂಬಿದ್ದೇನೆ. ಇಪ್ಪತ್ತೆರಡು ವರ್ಷಗಳಿಂದ ಮೂರು-ನಾಲ್ಕನೇ ತರಗತಿಗಳಿಗೆ ಒಟ್ಟಿಗೇ ಪಾಠ ಹೇಳುತ್ತಿರುವ, ಮೆಟ್ಟಿಲ ಪಕ್ಕದ ಮೂರನೇ ನಂಬರಿನ ಕೋಣೆಯ ಶಿಕ್ಷಕಿಯಾದ ನಾನು ತಮಗೆ ಕೃತಜ್ಞತೆ ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ನಡುವೆ ಎಲ್ಲಾದರೂ ದೂರಿನ ವಾಸನೆ ಬಂದರೆ ಅದು ಕೋಣೆಗೆ ಅಂಟಿಕೊಂಡಿರುವ ಶೌಚಾಲಯದ್ದೆಂದು ತಿಳಿದು ಕ್ಷಮಿಸಬೇಕು. ಅದರ ದುರಸ್ತಿಯ ಬಗ್ಗೆ ಯಾವ ದೇಶದಲ್ಲೂ ಸಂಶೋಧನೆ ಲಭ್ಯವಿಲ್ಲವೆಂದು ತಮ್ಮ ಕಚೇರಿಯೇ ನಮಗೆ ತಿಳಿಸಿದೆ.

ಕಳೆದ ವರ್ಷ ತಾವು ನಮ್ಮ ಶಾಲೆಯ ಎರಡು ಕೋಣೆಗಳನ್ನು ಆರಿಸಿಕೊಂಡು ಚೀಟಿ ಎತ್ತಿಸಿದ್ದು ನೆನಪಿರಬಹುದು. ನಾಲ್ಕನೇ ಕೋಣೆಗೆ 'ಚುರುಕು ಬೋಧನೆ' ಬಂತು. ಅಂದರೆ, ಶಿಕ್ಷಕಿ ಪ್ರಶ್ನೆ ಕೇಳಿ ಪುಟ್ಟ ಮರಳು ಗಡಿಯಾರವನ್ನು ಮೇಜಿನ ಮೇಲಿಡಬೇಕು, ಏಳು ಸೆಕೆಂಡಿನಲ್ಲಿ ಮರಳು ಇಳಿದು ಮುಗಿಯುವಷ್ಟರಲ್ಲಿ ಉತ್ತರ ಬಾರದಿದ್ದರೆ ಪ್ರಶ್ನೆ ಪಕ್ಕದ ಮಗುವಿಗೆ ಹೋಗಬೇಕು. ಏಳೇ ಏಕೆಂದು ತಮ್ಮ ಕೈಪಿಡಿಯನ್ನು ಭಕ್ತಿಯಿಂದ ಓದಿದೆ. ಒಂದು ದೇಶದವರು ಮೂರು ಸೆಕೆಂಡು ಕಾಯುತ್ತಾರಂತೆ, ಇನ್ನೊಂದರಲ್ಲಿ ಹದಿಮೂರು. ಒಂಬತ್ತನ್ನೂ ಕೂಡಿ ಭಾಗಿಸಿದಾಗ ಬಂದದ್ದು ಏಳು. ಆ ಒಂಬತ್ತರ ಪೈಕಿ ಒಂದೇ ಒಂದು ದೇಶವೂ ಏಳು ಸೆಕೆಂಡು ಕಾಯುವುದಿಲ್ಲ ಎಂಬುದು ತಮ್ಮದೇ ಕೋಷ್ಟಕದಲ್ಲಿದೆ, ಆದ್ದರಿಂದ ಈ ಸಾಧನೆ ಸಂಪೂರ್ಣವಾಗಿ ತಮ್ಮದು.

ನನ್ನ ಕೋಣೆ 'ಹೋಲಿಕೆಯ ಗುಂಪು' ಆಯಿತು. ಈ ಗುಂಪಿಗೆ ಹೊಸತೇನನ್ನೂ ಕೊಡಬಾರದು, ಯಾರೂ ಬಂದು ನೋಡಬಾರದು, ಶಿಕ್ಷಕಿ ಎಂದಿನಂತೆ ಪಾಠ ಮಾಡಿಕೊಂಡಿರಬೇಕು ಎಂಬ ತಮ್ಮ ಆದೇಶವನ್ನು ನಾನು ಮೂರು ಸಲ ಓದಿದೆ, ನಂಬಿಕೆಯಾಗಲಿಲ್ಲ, ಮುಖ್ಯೋಪಾಧ್ಯಾಯರಿಂದ ಒಮ್ಮೆ ಓದಿಸಿದೆ. ಇಪ್ಪತ್ತೆರಡು ವರ್ಷಗಳಲ್ಲಿ ಬೆಂಚುಗಳನ್ನು ದುಂಡಗೆ, ಸಾಲಾಗಿ, ಲಾಳದ ಆಕಾರದಲ್ಲಿ, ಕೊನೆಗೆ ಗೋಡೆಗೆ ಮುಖಮಾಡಿ ಜೋಡಿಸಿ ಸೊಂಟ ಹಿಡಿಸಿಕೊಂಡ ನನಗೆ, ಏನನ್ನೂ ಜರುಗಿಸದೆ ಒಂದು ವರ್ಷ ಕಳೆಯುವ ಭಾಗ್ಯ ಹೀಗೆ ಚೀಟಿಯಲ್ಲಿ ಬಂತು. ಎದುರಿನ ನಾಲ್ಕನೇ ಕೋಣೆಯ ಶಿಕ್ಷಕಿ ಮಾತ್ರ ಊಟದ ಹೊತ್ತಿಗೆ ಬಂದು, "ಅಕ್ಕಾ, ಮರಳು ನೋಡಿ ನೋಡಿ ಮಕ್ಕಳ ಮುಖಾನೇ ಮರೆತುಹೋಗಿದೆ ನಂಗೆ" ಎಂದು ಗೋಳಾಡುತ್ತಿದ್ದಳು. ಅದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಆ ವರ್ಷ ನಾನು ಮಾಡಿದ್ದಿಷ್ಟೇ. ಊಟವಾದ ಮೇಲೆ ಇಪ್ಪತ್ತು ನಿಮಿಷ ರಟ್ಟು ಕಿತ್ತುಹೋದ ಒಂದು ಕಥೆಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದೆ, ಪುಟದ ನಡುವೆ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದೆ, ಯಾರಿಗೆ ಮನಸ್ಸು ಬರುತ್ತದೋ ಅವರು ಮುಂದಿನದನ್ನು ಓದುತ್ತಿದ್ದರು. ನನ್ನ ತರಗತಿಯಲ್ಲಿ ದರ್ಜಿಯವರ ಮಗಳೊಬ್ಬಳಿದ್ದಾಳೆ, ಮಕ್ಕಳು ಅವಳನ್ನು ಪಿಸುಮಣಿ ಎನ್ನುತ್ತಾರೆ. ಬಾಯಿ ತೆರೆದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡುಬಿಡುತ್ತಾಳೆ, ಆದ್ದರಿಂದ ತೆರೆಯುವುದನ್ನೇ ಬಿಟ್ಟಿದ್ದಳು. ಶಾಲೆ ಶುರುವಾದ ಎಂಟನೆಯ ತಿಂಗಳಲ್ಲಿ ಒಂದು ದಿನ, ನಾನು ನಿಲ್ಲಿಸಿದ ಕಡೆ ಅವಳ ಬೆರಳು ಬಂದು ನಿಂತಿತು. ಗೋಡೆ ಗಡಿಯಾರದ ಪ್ರಕಾರ ಒಂದು ನಿಮಿಷಕ್ಕೂ ಹೆಚ್ಚು ಕಾಲ ಏನೂ ಆಗಲಿಲ್ಲ. ಮೂವತ್ತೆಂಟು ಮಕ್ಕಳು, ಅದರಲ್ಲೂ ಒಂದು ಕ್ಷಣ ಸುಮ್ಮನಿರಲಾರದ ಹಿಂದಿನ ಬೆಂಚಿನವರು, ಉಸಿರು ಬಿಗಿಹಿಡಿದು ಕಾದರು. ಆಮೇಲೆ ಅವಳು ಕತ್ತೆ ಸಂತೆಗೆ ಹೋದ ಕಥೆಯ ನಾಲ್ಕು ಸಾಲುಗಳನ್ನು ಓದಿದಳು. ನಾನು ಅತ್ತೆ, ಮಾನ್ಯರೇ. ತಮ್ಮ ನಮೂನೆಯಲ್ಲಿ ಅದಕ್ಕೆ ಕಲಂ ಇಲ್ಲ.

ವರ್ಷದ ಕೊನೆಗೆ ಪರೀಕ್ಷೆಯಾಯಿತು, ಓದುವುದರಲ್ಲಿ ನನ್ನ ಕೋಣೆ ನಾಲ್ಕನೇ ಕೋಣೆಗಿಂತ ಬಹಳ ಮುಂದಿತ್ತು. ಇಲ್ಲಿ ತಮ್ಮ ಸಮಿತಿಯ ಬುದ್ಧಿಗೆ ತಲೆಬಾಗಲೇಬೇಕು. ಏನೂ ಕೊಡದ ಕೋಣೆ ಗೆಲ್ಲುವುದು ಸಾಧ್ಯವೇ ಇಲ್ಲವಾದ್ದರಿಂದ, ಎರಡು ಕೋಣೆಗಳ ಹೆಸರು ಕಚೇರಿಯಲ್ಲಿ ಅದಲುಬದಲಾಗಿರಬೇಕೆಂದು ತಾವು ತೀರ್ಮಾನಿಸಿದಿರಿ. ಕಾಗದದ ಮೇಲೆ ಅವನ್ನು 'ಸರಿಪಡಿಸಿ'ದಿರಿ. ನಮ್ಮ ಮಕ್ಕಳು ಓದಿದ್ದೆಲ್ಲ ಮರಳು ಗಡಿಯಾರದ ಪ್ರತಾಪವೆಂದು ವರದಿ ಹೊರಬಂತು. ಅದರ ಬಲದ ಮೇಲೆ ಬರುವ ಸೋಮವಾರದಿಂದ ಎಲ್ಲ ಕೋಣೆಗಳಿಗೂ ಏಳು ಸೆಕೆಂಡು ಕಡ್ಡಾಯ, ಊಟದ ನಂತರದ ಇಪ್ಪತ್ತು ನಿಮಿಷ 'ಓದಿನ ಆಸಕ್ತಿ'ಯ ನಮೂನೆ ತುಂಬಲು ಮೀಸಲು. ನಾನು ಎಂದೂ ಮಾಡದ ಕೆಲಸಕ್ಕೆ ನನಗೊಂದು ಪ್ರಶಸ್ತಿಪತ್ರವನ್ನೂ ಕಳಿಸಿದ್ದೀರಿ, ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ಅದರ ಅಳತೆ ಸರಿಯಾಗಿ ಕೂತಿದೆ.

ಮಾನ್ಯರೇ, ನನಗೆ ಮೂರು ಸಣ್ಣ ಕೋರಿಕೆಗಳಿವೆ. ಒಂದು, ಮೂರನೇ ಕೋಣೆಯನ್ನು ನಾನು ನಿವೃತ್ತಳಾಗುವವರೆಗೆ, ಸಾಧ್ಯವಾದರೆ ಆಮೇಲೂ, ಹೋಲಿಕೆಯ ಗುಂಪಾಗಿಯೇ ಇಡಬೇಕು. ಹೋಲಿಸದಿದ್ದರೂ ನಮಗೆ ಬೇಸರವಿಲ್ಲ. ಅದು ಆಗದಿದ್ದರೆ, ಸರಾಸರಿ ತೆಗೆಯುವ ಅಧಿಕಾರ ತಮಗೆ ಇದ್ದೇ ಇರುವುದರಿಂದ, ನಮ್ಮ ಕೋಣೆಯ ಮಟ್ಟಿಗೆ ಒಂದು ಸೆಕೆಂಡೆಂದರೆ ಹೊರಗಿನ ಹತ್ತು ಸೆಕೆಂಡೆಂದು ಒಂದು ಆದೇಶ ಹೊರಡಿಸಬೇಕು. ಅದೂ ಕಷ್ಟವೆನಿಸಿದರೆ, ತಾವೇ ಸೋಮವಾರ ಬಂದು ಪಿಸುಮಣಿಯ ಮುಂದೆ ಕೂತು, ಏಳನೆಯ ಸೆಕೆಂಡಿಗೆ ಅವಳ ಬೆರಳಿನಡಿಯಿಂದ ಆ ಪುಸ್ತಕವನ್ನು ತಮ್ಮ ಕೈಯಾರೆ ಎಳೆದುಕೊಳ್ಳಬೇಕು. ಅದು ನನ್ನಿಂದ ಆಗುವುದಿಲ್ಲ, ಇದೊಂದನ್ನು ಮಾತ್ರ ನೇರವಾಗಿ ಹೇಳುತ್ತಿದ್ದೇನೆ.

ನಮ್ಮ ಕೋಣೆ ತಮ್ಮ ಮುಂದಿನ ಸಂಶೋಧನೆಯ ಕಣ್ಣಿಗೆ ಬೀಳದಿರಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಮೂರನೇ ಕೋಣೆಯ ಶಿಕ್ಷಕಿ
(ತಮ್ಮ ವರದಿಯ ಪ್ರಕಾರ ನಾಲ್ಕನೆಯದು)

ಮರೆತ ಮಾತು: ತಾವು ಕಳಿಸಿದ ಮರಳು ಗಡಿಯಾರ ಇಂದು ಬೆಳಿಗ್ಗೆ ತಲುಪಿತು. ಮಕ್ಕಳೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ಕೊನೆಗೆ ಅದು ಪಿಸುಮಣಿಯ ಬಳಿ ಬಂತು. ಅವಳು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಬೆಂಚಿನ ಮೇಲೆ ಅಡ್ಡ ಮಲಗಿಸಿ, ಇಡೀ ಕೋಣೆಗೆ ಕೇಳುವಂತೆ, "ಟೀಚರ್, ಹಿಂಗಿಟ್ರೆ ಮರಳು ಬೀಳಲ್ಲ" ಎಂದಳು. ಕೈಪಿಡಿಯ ನಲವತ್ತಾರು ಪುಟಗಳನ್ನೂ ಹುಡುಕಿದೆ. ಗಡಿಯಾರ ನಿಂತೇ ಇರಬೇಕೆಂದು ಒಂಬತ್ತು ದೇಶದವರಲ್ಲಿ ಯಾರೂ ಬರೆದಿಲ್ಲ. ಆದ್ದರಿಂದ ಸೋಮವಾರದಿಂದ ತಮ್ಮ ಆದೇಶವನ್ನು ನಮ್ಮ ಕೋಣೆಯಲ್ಲಿ ಅಕ್ಷರಶಃ ಪಾಲಿಸಲಾಗುವುದು.