ಮೊಟ್ಟೆ ಟ್ರೇಯ ಮಹಾದ್ವಾರ

ಆ ದಿನ ಬೆಳಿಗ್ಗೆ ಗುಮಾಸ್ತರ ಮನೆಯಲ್ಲಿ ಟೂತ್‌ಪೇಸ್ಟಿನ ಟ್ಯೂಬು ಇನ್ನೂ ಅರ್ಧ ತುಂಬಿತ್ತು. ಅನಾಹುತ ಶುರುವಾದದ್ದೇ ಅಲ್ಲಿಂದ. ತುಂಬಿದ ಟ್ಯೂಬಿನಿಂದ ಕಲೆ ಹುಟ್ಟುವುದಿಲ್ಲ. ಕಲೆಗೆ ಖಾಲಿ ಟ್ಯೂಬೇ ಆಗಬೇಕು. ಗುಮಾಸ್ತರು ಬ್ರಷ್ ಹಿಡಿದು ಬಚ್ಚಲಿಗೆ ಬರುವಷ್ಟರಲ್ಲಿ ಅವರ ಹೆಂಡತಿ ಇದ್ದಬದ್ದ ಪೇಸ್ಟನ್ನೆಲ್ಲ ಒಂದು ಬಟ್ಟಲಿಗೆ ಹಿಂಡಿ, ಟ್ಯೂಬನ್ನು ಸೀಳಿ, ತೊಳೆದು, ಕಿಟಕಿಯಲ್ಲಿ ಒಣಗಲು ಹಾಕಿದ್ದಳು.

"ಇದ್ರಲ್ಲಿ ಅದ್ದಿಕೊಂಡು ಉಜ್ಜಿ," ಎಂದಳು. "ಹಲ್ಲಿಗೇನು ಗೊತ್ತಾಗುತ್ತೆ, ಟ್ಯೂಬಿಂದ ಬಂತೋ ಬಟ್ಟಲಿಂದ ಬಂತೋ ಅಂತ."

ಗುಮಾಸ್ತರು ಅದ್ದಿಕೊಂಡು ಉಜ್ಜಿದರು. ಮದುವೆಯಾದಾಗಿನಿಂದ ಅವರು ಹೆಂಡತಿಯೊಡನೆ ವಾದ ಮಾಡಿ ಗೆದ್ದದ್ದಿಲ್ಲ. ಅಂದಂತೂ ಸೋಲಲಿಕ್ಕೂ ಪುರಸೊತ್ತಿರಲಿಲ್ಲ, ಏಕೆಂದರೆ ಸಂಜೆ ಆಫೀಸಿನ ಹಾಲಿನಲ್ಲಿ ಮೇಡಂ ಅವರ ಪ್ರದರ್ಶನವಿತ್ತು.

ಮೇಡಂ ಎಂದರೆ ಸಾಹೇಬರ ಹೆಂಡತಿ. ಎಸೆಯುವ ವಸ್ತುವಿನಲ್ಲಿ ಸೌಂದರ್ಯ ಅಡಗಿದೆ ಎಂದು ಆಕೆಗೆ ಯಾವ ಕೆಟ್ಟ ಗಳಿಗೆಯಲ್ಲಿ ಹೊಳೆಯಿತೋ, ಅಂದಿನಿಂದ ಆಫೀಸಿನ ನೌಕರರ ಹೆಂಡತಿಯರಿಗೆಲ್ಲ ಕತ್ತರಿ, ಗೋಂದು ಗಂಟುಬಿದ್ದವು. ಒಬ್ಬಾಕೆ ಹಳೆಯ ಕಾಲುಚೀಲಗಳಿಂದ ಮೊಲ ಮಾಡಿದಳು, ಇನ್ನೊಬ್ಬಾಕೆ ಮೊಸರಿನ ಡಬ್ಬಿಗಳಿಂದ ಗೋಪುರ ಕಟ್ಟಿದಳು. ಮೊಲ ಕಾಲುಚೀಲದಂತೆಯೇ ಕಾಣುತ್ತಿತ್ತು, ಗೋಪುರ ಮೊಸರಿನ ವಾಸನೆ ಹೊಡೆಯುತ್ತಿತ್ತು. "ವಂಡರ್‌ಫುಲ್" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರ ಹೆಂಡತಿ ನಡೆಸುವ ಕ್ಲಾಸಿನಲ್ಲಿ ಮೂಗು ಮುಚ್ಚಿಕೊಳ್ಳುವಷ್ಟು ಎದೆಗಾರಿಕೆ ಯಾರಿಗಿದೆ, ಹೇಳಿ.

ಗುಮಾಸ್ತರಿಗೆ ಕಲೆಯ ಗೊಡವೆ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಕುರ್ಚಿ. ಮುಖ್ಯ ಗುಮಾಸ್ತರ ಜಾಗ ಖಾಲಿಯಾಗಿತ್ತು, ಅದಕ್ಕೆ ಪೈಪೋಟಿಯಲ್ಲಿದ್ದವರು ಇವರೊಬ್ಬರು, ಕ್ಯಾಷಿಯರ್ ಒಬ್ಬ. ಇವರ ಈಗಿನ ಮೇಜು ಶೌಚಾಲಯದ ಬಾಗಿಲಿಗೆ ಅಂಟಿಕೊಂಡಿತ್ತು. ಒಳಗೆ ಹೋಗುವವರು ಇವರನ್ನು ನೋಡಿ ಮುಖ ತಿರುಗಿಸುತ್ತಿದ್ದರು, ಹೊರಗೆ ಬರುವವರು ಇವರ ಕುರ್ಚಿಯ ಟವೆಲಿಗೆ ಕೈ ಒರೆಸುತ್ತಿದ್ದರು. ಈ ಸಲ ಕುರ್ಚಿ ಕೈತಪ್ಪಿದರೆ ನಿವೃತ್ತಿಯವರೆಗೂ ಆ ಬಾಗಿಲೇ ಗತಿ.

"ಪ್ರದರ್ಶನದಲ್ಲಿ ನಂದು ಮೇಡಂ ಕಣ್ಣಿಗೆ ಬಿದ್ರೆ ಸಾಕು, ಕುರ್ಚಿ ನಿಮ್ಮದೇ ಅಂದ್ಕೊಳ್ಳಿ," ಎಂದು ಹೆಂಡತಿ ಧೈರ್ಯ ಹೇಳಿದಳು. ಅವಳು ಮಾಡುತ್ತಿದ್ದದ್ದು ಉಡುಗೊರೆ ಡಬ್ಬಿಗಳ ಅಲಂಕಾರ. ಡಬ್ಬಿಗೆ ಸುತ್ತಿದ ರಿಬ್ಬನ್ನು ಗುಮಾಸ್ತರ ಒಂದೇ ಒಂದು ಟೈ. ರಿಬ್ಬನ್ನಿನ ಮೇಲಿನ ಮುತ್ತುಗಳು ಅವರ ಇಸ್ತ್ರಿ ಅಂಗಿಯ ಗುಂಡಿಗಳು. ಕಿಟಕಿಯಲ್ಲಿ ಒಣಗುತ್ತಿದ್ದ ಟ್ಯೂಬು ಎಲೆಗಳಿಗಾಗಿ. ಮಧ್ಯದ ಬೆಳ್ಳಿ ಹೂವು ಮಾತ್ರೆ ಸ್ಟ್ರಿಪ್ಪಿನ ಹಾಳೆಯದು.

ಗುಮಾಸ್ತರು ಹೂವನ್ನು ತಿರುಗಿಸಿ ನೋಡಿದರು. "ಮಾತ್ರೆ ಎಲ್ಲಿ?" ಎಂದರು.

ಹೆಂಡತಿ ಗಾಜಿನ ಬಟ್ಟಲೊಂದನ್ನು ಮುಂದೆ ಸರಿಸಿದಳು. ಅದರ ತುಂಬ ಬೆಳ್ಳಗೆ, ಗುಂಡಗೆ, ಒಂದೇ ತಾಯಿಯ ಮಕ್ಕಳಂತೆ ಮಾತ್ರೆಗಳಿದ್ದವು.

"ಇದ್ರಲ್ಲಿ ನನ್ನ ಬಿ.ಪಿ. ಮಾತ್ರೆ ಯಾವುದು?"

"ನಾನೇನು ಡಾಕ್ಟರಾ? ಆರಿಸ್ಕೊಳ್ಳಿ."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಅಳಿಯಂದಿರೇ, ಅದರಲ್ಲಿ ನನ್ನ ನಿದ್ದೆ ಮಾತ್ರೆನೂ ಇದೆ. ನೋಡ್ಕೊಂಡು ತಗೊಳ್ಳಿ. ನನಗೆ ಕಮ್ಮಿ ಮಾಡಿಬಿಡಬೇಡಿ."

ಅಷ್ಟರಲ್ಲಿ ಎದುರು ಮನೆಯ ಕಾಂಪೌಂಡರ್ ಪೇಪರ್ ಓದಲು ಬಂದರು. ಬೇರೆಯವರ ಮನೆಯ ಪೇಪರು, ಬೇರೆಯವರ ಮನೆಯ ತಾಪತ್ರಯ, ಎರಡನ್ನೂ ಅವರು ಒಂದು ದಿನವೂ ತಪ್ಪಿಸಿದವರಲ್ಲ. ವಿಷಯ ಕೇಳಿದ್ದೇ ಬಟ್ಟಲಿಗೆ ಕೈ ಹಾಕಿ, ಒಂದು ಮಾತ್ರೆ ತೆಗೆದು, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ಧ್ಯಾನ ಮಾಡಿದರು.

"ಕಹಿ ಇದೆ. ಇದು ನಿಮ್ಮದೇ. ಬಿ.ಪಿ. ಮಾತ್ರೆ ಯಾವತ್ತೂ ಕಹಿ."

"ಗ್ಯಾರಂಟಿನಾ?"

"ಆಸ್ಪತ್ರೇಲಿ ಕೂದಲು ನೆರೆಸಿದವನು ನಾನು. ಗ್ಯಾರಂಟಿ ಕೇಳ್ತೀರಲ್ಲ ಮಾರಾಯ್ರೇ."

ಕಾಂಪೌಂಡರು ಆಸ್ಪತ್ರೆಯಲ್ಲಿ ಕೂದಲು ನೆರೆಸಿದ್ದು ಚೀಟಿ ಕೊಡುವ ಕಿಟಕಿಯಲ್ಲಿ ಎಂಬುದು ಗುಮಾಸ್ತರಿಗೆ ಗೊತ್ತಿತ್ತು. ಆದರೂ ಕಾಂಪೌಂಡರು ನೆಕ್ಕಿದ ಮಾತ್ರೆಯನ್ನು ಒರೆಸಿಕೊಂಡು ನುಂಗಿದರು. ಬೇಡ ಎನ್ನಲು ಬಾಯಿ ಬರದ ಮನುಷ್ಯನಿಗೆ ಬೇರೆ ಏನಾಗಬೇಕು?

ಅಂಗಿಗೆ ಗುಂಡಿಯ ಬದಲು ಪಿನ್ನು ಚುಚ್ಚಿಕೊಂಡು ಗುಮಾಸ್ತರು ಆಫೀಸು ಸೇರಿದರು. ಮೊದಲ ಫೈಲು ಬಿಚ್ಚಿದಾಗ ಅಕ್ಷರಗಳು ತೇಲಿದವು. ಎರಡನೆಯದನ್ನು ಬಿಚ್ಚಿದಾಗ ರೆಪ್ಪೆಗಳು ಬಿಚ್ಚಲಿಲ್ಲ. ಎದ್ದು ಹೋಗಿ ಮುಖಕ್ಕೆ ನೀರು ಚಿಮುಕಿಸಿಕೊಂಡು ಬಂದರು, ಕಾಫಿ ಮೇಲೆ ಕಾಫಿ ಕುಡಿದರು, ತೊಡೆ ಚಿವುಟಿಕೊಂಡರು. ಪಿನ್ನುಗಳು ಅಲ್ಲಲ್ಲಿ ಚುಚ್ಚಿ ತಮ್ಮ ಕೈಲಾದಷ್ಟು ಸಹಾಯ ಮಾಡಿದವು. ಊಟದ ಹೊತ್ತಿಗೆ ಅವರ ಕೆನ್ನೆ ಮೇಜಿಗೆ ಒರಗಿತು.

ಕ್ಯಾಷಿಯರ್ ಇದನ್ನು ನೋಡಿದ. ಸಹೋದ್ಯೋಗಿಯಾದವನು ಎಬ್ಬಿಸುತ್ತಾನೆ. ಈತ ಮೆಲ್ಲಗೆ ಬಂದು ಗುಮಾಸ್ತರ ಕೆನ್ನೆಯ ಕೆಳಗೆ ಸ್ಟಾಂಪ್ ಪ್ಯಾಡನ್ನು ತಳ್ಳಿ, ಮೆಲ್ಲಗೆ ಹೋದ. ಸಂಜೆ ಎದ್ದಾಗ ಗುಮಾಸ್ತರ ಅರ್ಧ ಮುಖ ನೇರಳೆಹಣ್ಣಾಗಿತ್ತು.

"ಏನ್ ಸಾರ್ ಇದು, ಹೀಗೇ ಪ್ರದರ್ಶನಕ್ಕೆ ಬರ್ತೀರಾ?" ಎಂದು ಕ್ಯಾಷಿಯರ್ ಕನಿಕರ ತೋರಿಸಿದ. "ಇರ್ಲಿ ಬಿಡಿ. ಕಲೆ ಅಂತ ತಿಳ್ಕೋತಾರೆ."

ಹಾಲಿನ ಬಾಗಿಲಲ್ಲಿ ಮೇಡಂ ಅವರ ಸ್ವಂತ ಕೃತಿ ನಿಂತಿತ್ತು. ಅದಕ್ಕೆ 'ಮಹಾದ್ವಾರ' ಎಂದು ಹೆಸರು. ಊರಿನ ಬೇಕರಿಗಳ ಮೊಟ್ಟೆ ಟ್ರೇಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ಬಂಗಾರದ ಬಣ್ಣ ಬಳಿದು, ಬಾಟಲಿ ಮುಚ್ಚಳಗಳನ್ನು ಮೆತ್ತಿದ ಕಮಾನು ಅದು. ಅದರಡಿ ಬಗ್ಗದೆ ಒಳಗೆ ಬರುವಂತಿರಲಿಲ್ಲ. ಹಾಗಾಗಿ ಬಂದವರೆಲ್ಲ ಮೇಡಂ ಅವರಿಗೆ ನಮಸ್ಕಾರ ಹಾಕಿದಂತೆ ಕಾಣುತ್ತಿತ್ತು. ಕೆಲವರು ನಿಜವಾಗಿಯೂ ಹಾಕಿದರು.

"ಕರವಸ್ತ್ರದಿಂದ ಕೆನ್ನೆ ಮುಚ್ಕೊಂಡು ಇಲ್ಲೇ ನಿಂತ್ಕೊಳ್ಳಿ," ಎಂದು ಹೆಂಡತಿ ಡಬ್ಬಿಯನ್ನು ಗುಮಾಸ್ತರ ಕೈಗಿಟ್ಟು ಮಹಾದ್ವಾರದ ಪಕ್ಕ ನಿಲ್ಲಿಸಿದಳು. "ಮೇಡಂ ಭಾಷಣ ಮುಗಿಸಿ ಮೊದಲು ಈ ಕಡೆನೇ ಬರ್ತಾರೆ. ಆಗ ನಗಬೇಕು. ಅಷ್ಟೇ ನಿಮ್ಮ ಕೆಲಸ. ಅದೊಂದನ್ನಾದ್ರೂ ಕೆಡಿಸಬೇಡಿ."

ಮೇಡಂ ಭಾಷಣ ಶುರು ಮಾಡಿದರು. ಕಸ ಎಂಬುದು ನೋಡುವವರ ಕಣ್ಣಿನಲ್ಲಿದೆ ಎಂದರು. ಮುಚ್ಚಳದ ಮನಸ್ಸನ್ನು ಅರಿಯಬೇಕು ಎಂದರು. ರಟ್ಟಿನ ಮೌನವನ್ನು ಆಲಿಸಬೇಕು ಎಂದರು. ಮಾತ್ರೆ ನುಂಗದವರೇ ತೂಕಡಿಸುವಂಥ ಭಾಷಣ ಅದು. ನುಂಗಿದ್ದ ಗುಮಾಸ್ತರು ರಟ್ಟಿನ ಮೌನವನ್ನು ಆಲಿಸುತ್ತ ಆಲಿಸುತ್ತ, ನಿಂತಲ್ಲೇ ನಿದ್ದೆ ಹೋಗಿ, ಡಬ್ಬಿಯ ಸಮೇತ ಮಹಾದ್ವಾರದ ಮೇಲೆ ಒರಗಿದರು.

ಕಮಾನು ಒಂದು ಕ್ಷಣ ಯೋಚಿಸಿತು. ಆಮೇಲೆ ಇಡೀ ಕಟ್ಟಡ ಮಗುಚಿ ನೆಲಕ್ಕೆ ಬಿತ್ತು, ಗುಮಾಸ್ತರು ಅದರ ಮೇಲೆ ಬಿದ್ದರು, ಮುಚ್ಚಳಗಳು ಹಾಲಿನ ಮೂಲೆಮೂಲೆಗೂ ಉರುಳಿದವು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಕ್ಯಾಷಿಯರ್ ನಗು ತಡೆಯಲು ಬಾಗಿ ಮುಚ್ಚಳ ಹೆಕ್ಕತೊಡಗಿದ. ಗುಮಾಸ್ತರಿಗೆ ಎಚ್ಚರವಾದಾಗ ಕಣ್ಣೆದುರು ಸಾಹೇಬರ ಬೂಟುಗಳಿದ್ದವು.

"ಎದ್ದು ನನ್ನ ರೂಮಿಗೆ ಬನ್ನಿ," ಎಂದರು ಸಾಹೇಬರು.

ರೂಮಿನಲ್ಲಿ ಸಾಹೇಬರು ಬಾಗಿಲು ಹಾಕಿ ಚಿಲಕ ಜಡಿದರು. ಕುರ್ಚಿ ಹೋಯಿತು, ಇರುವ ಮೇಜಾದರೂ ಉಳಿದರೆ ಸಾಕು ಎಂದು ಗುಮಾಸ್ತರು ಅಂದುಕೊಂಡರು. ಸಾಹೇಬರು ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಕಣ್ರೀ," ಎಂದರು. "ನಮ್ಮನೇಲಿ ಸೋಫಾ ಮೇಲೆ ರಟ್ಟಿನ ಹಂಸ ಕೂತಿದೆ, ನಾನು ನೆಲದ ಮೇಲೆ ಕೂತಿದೀನಿ. ನನ್ನ ಹವಾಯಿ ಚಪ್ಪಲಿ ಕತ್ತರಿಸಿ ಫೋಟೋ ಫ್ರೇಮ್ ಮಾಡಿದಾಳೆ. ಅದರಲ್ಲಿ ಹಾಕಿರೋದು ನನ್ನದೇ ಫೋಟೋ. ಒಂದು ಮಾತಾಡೋ ಹಾಗಿಲ್ಲ. ಇವತ್ತು ಎಲ್ಲರ ಮುಂದೆ ಮರ್ಯಾದೆ ಹೋಯ್ತಲ್ಲ, ಇನ್ನು ಅವಳು ಗೋಂದಿನ ಡಬ್ಬಿ ಮುಟ್ಟಲ್ಲ. ನನ್ನ ಕೈಲಾಗದ್ದನ್ನ ನೀವು ಮಾಡಿದ್ರಿ."

"ಏನೋ ಸಾರ್, ತಮ್ಮ ಆಶೀರ್ವಾದ," ಎಂದರು ಗುಮಾಸ್ತರು. ಆಶೀರ್ವಾದದಿಂದ ಯಾರೂ ಹಾಗೆ ಬೀಳುವುದಿಲ್ಲ.

"ಮುಖ್ಯ ಗುಮಾಸ್ತರ ಕುರ್ಚಿ ನಿಮ್ಮದು. ಈಗಲೇ ಆರ್ಡರ್ ಬರೀತೀನಿ." ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಯಾರೋ ಬಾಗಿಲನ್ನು ದಬದಬ ಬಡಿದರು. ಸಾಹೇಬರು ಹೋಗಿ ತೆರೆದರು. ಮೇಡಂ ನಿಂತಿದ್ದರು. ಕೈಯಲ್ಲಿ ಅಪ್ಪಚ್ಚಿಯಾದ ಮೊಟ್ಟೆ ಟ್ರೇ, ಕಣ್ಣಲ್ಲಿ ನೀರು.

"ಇಷ್ಟು ದಿನ ನಾನು ಅಂಟಿಸ್ತಾನೇ ಇದ್ದೆ," ಎಂದರು. "ಎಂಥಾ ದಡ್ಡಿ ನಾನು. ಅಂಟಿಸೋದಲ್ಲ, ಅಪ್ಪಚ್ಚಿ ಮಾಡಬೇಕಿತ್ತು. ಈ ಮಡಿಕೆ ನೋಡಿ, ಈ ಸುಕ್ಕು ನೋಡಿ. ಕೈಯಲ್ಲಿ ಮಾಡಿದ್ರೆ ಬರುತ್ತಾ ಇದು? ಮನುಷ್ಯ ಮೈಮರೆತು ಬೀಳಬೇಕು." ಆಮೇಲೆ ಗುಮಾಸ್ತರ ನೇರಳೆ ಕೆನ್ನೆಯನ್ನು ಕಂಡು ಕೈಜೋಡಿಸಿದರು. "ಮುಖಕ್ಕೂ ಬಣ್ಣ ಹಚ್ಕೊಂಡು ಬಂದಿದಾರೆ. ಕಲಾವಿದರು ಅಂದ್ರೆ ಇವರು. ಇನ್ನು ವಾರಕ್ಕೊಂದು ಕ್ಲಾಸ್ ಸಾಲದು ರೀ, ದಿನಾ ಬೇಕು. ನಮ್ಮ ಮಲಗೋ ಕೋಣೇನೂ ಖಾಲಿ ಮಾಡಿಸಿಬಿಡಿ."

ಸಾಹೇಬರು ಹೆಂಡತಿಯನ್ನು ನೋಡಿದರು, ಟ್ರೇ ನೋಡಿದರು, ಗುಮಾಸ್ತರನ್ನು ನೋಡಿದರು. ಅದೇ ತಾನೇ ಕೈ ಹಿಡಿದುಕೊಂಡಿದ್ದ ಮನುಷ್ಯನ ಮುಖ ಅದಾಗಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

"ಹೊರಗೆ ಕ್ಯಾಷಿಯರ್ ಇದ್ರೆ ಕಳಿಸಿ," ಎಂದರು.

ನಾಳೆಯಿಂದ ಮುಖ್ಯ ಗುಮಾಸ್ತನ ಕುರ್ಚಿಯಲ್ಲಿ ಕ್ಯಾಷಿಯರ್ ಕೂರುತ್ತಾನೆ. ಗುಮಾಸ್ತರ ಮೇಜು ಇದ್ದಲ್ಲೇ ಇರುತ್ತದೆ, ಆದರೆ ಸಂಜೆ ಆಫೀಸು ಬಿಟ್ಟ ಮೇಲೆ ಅವರು ದಿನವೂ ಸಾಹೇಬರ ಮನೆಗೆ ಹೋಗಿ ಮೊಟ್ಟೆ ಟ್ರೇಗಳ ಮೇಲೆ ಬೀಳಬೇಕು. ಬೀಳುವ ಮುಂಚೆ ನಿಜವಾಗಿ ನಿದ್ದೆ ಹೋಗಿರಬೇಕೆಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಎಚ್ಚರವಿದ್ದು ಬಿದ್ದರೆ ಸುಕ್ಕು ಸರಿಯಾಗಿ ಬರುವುದಿಲ್ಲವಂತೆ.