ಖಾಲಿ ಬಿಟ್ಟ ತುಳಸಿಕಟ್ಟೆ

ಬೇರೆಯವರ ತಪ್ಪು ತಿದ್ದುವುದೆಂದರೆ ನನಗೆ ಊಟಕ್ಕಿಂತ ರುಚಿ. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ವಾಲಿದ ಫೋಟೋವನ್ನು ನೆಟ್ಟಗೆ ಮಾಡದೆ ಚಹಾ ಗಂಟಲಿಗಿಳಿಯುವುದಿಲ್ಲ. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೊಂಡರೆ ಮೊದಲು ಪೆನ್ಸಿಲ್ ಹಿಡಿದು ಅಚ್ಚಿನ ತಪ್ಪು ತಿದ್ದುತ್ತೇನೆ. ಎಷ್ಟೋ ಸಲ ಓದುವುದು ಉಳಿದೇ ಹೋಗುತ್ತದೆ. "ಮೂವತ್ತು ವರ್ಷ ಆತು, ನನ್ನೊಬ್ಬಾಕಿನ್ನ ತಿದ್ದಾಕ ನಿಮ್ಮ ಕೈಲೆ ಆಗಿಲ್ಲ ನೋಡ್ರಿ" ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ.

ನಾನು ಅಚ್ಚಿನ ಚಿತ್ರಗಾರ. ಮರದ ಹಲಗೆಯಲ್ಲಿ ಚಿತ್ರ ಕೊರೆದು, ಮಸಿ ಬಳಿದು, ತೆಳು ಕಾಗದಕ್ಕೆ ಒತ್ತುತ್ತೇನೆ. ರಂಗೋಲಿ, ಕಿಟಕಿಯ ಜಾಲರಿ, ಹಳೆಯ ಸೀರೆ, ಎಲ್ಲಿ ಚಿತ್ತಾರ ಕಂಡರೂ ಬಿಡುವವನಲ್ಲ. ಹೋದ ವರ್ಷ ಕಣ್ಣು ಅವ್ವನ ಇಳಕಲ್ ಸೀರೆಯ ಮೇಲೆ ಬಿತ್ತು. ಮದುವೆಗೆ ಮೊದಲು ಧಾರವಾಡದಲ್ಲಿ ಅವಳೇ ಎಳೆ ಎಣಿಸಿ ಕಸೂತಿ ಹಾಕಿದ ಸೀರೆ. ಸೆರಗಿಗೆ ತುಳಸಿಕಟ್ಟೆಗಳ ಸಾಲು. ಬಲತುದಿಯಿಂದ ಎರಡನೆಯ ಕಟ್ಟೆಯ ಜಾಗದಲ್ಲಿ ಮಾತ್ರ ಬರೀ ಬಟ್ಟೆ. ಮರೆತಿರಬೇಕು ಅಂದುಕೊಂಡು ನನ್ನ ಹಲಗೆಯಲ್ಲಿ ಅದನ್ನು ತುಂಬಿಸಿದೆ. ಕೆಳಗೆ ನನ್ನ ಹೆಸರನ್ನೂ ಕೊರೆದೆ. ಪ್ರದರ್ಶನದ ಚೀಟಿಗೆ 'ಪರಂಪರೆಯ ಜೀರ್ಣೋದ್ಧಾರ' ಎಂದು ಬರೆದದ್ದೂ ಆಯಿತು.

ಅವ್ವನಿಗೀಗ ಎಂಬತ್ತೆರಡು. ಗಚ್ಚಿಬೌಲಿಯ ನಮ್ಮ ಒಂಬತ್ತನೆಯ ಮಹಡಿಯ ಮನೆಯಲ್ಲಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು.

"ಛಂದ ಆಗೇತಿ. ಆದ್ರ ಇದು ನಂದಲ್ಲ. ಇಲ್ಲೊಂದು ಖಾಲಿ ಬಿಟ್ಟಿದ್ದೆ, ಯಾಕ ತುಂಬಿಸಿದಿ?"

"ಮರ್ತಿದ್ದಿ ಅಂತ ತಿದ್ದೀನವ್ವಾ."

"ಮರ್ತಿರಲಿಲ್ಲೋ ತಮ್ಮಾ. ಅದನ್ನ ನನ್ನ ತಂಗಿ ಶಾಂತಾ ಹಾಕೋದಿತ್ತು. ಜ್ವರ ಬಿಡ್ಲಿ ಅಕ್ಕಾ, ನಾನ ಹಾಕ್ತೀನಿ ಅಂದಿದ್ಲು. ಜ್ವರ ಬಿಡ್ಲೇ ಇಲ್ಲ. ಆಕಿ ಜಾಗಾ ಅದು."

ಆ ಮೌಶಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳದೆಂದು ಉಳಿದದ್ದು ಅಷ್ಟೇ ಜಾಗ. ಅದನ್ನೂ ನಾನು ತುಂಬಿಸಿ ಕೂತಿದ್ದೆ. ನಾಚಿಕೆಯಾಯಿತು. ಜೀರ್ಣೋದ್ಧಾರದ ಚೀಟಿ ಹರಿದು ಹಾಕಿದೆ.

ಅಚ್ಚಿನಲ್ಲಿ ಖಾಲಿ ಮಾಡುವುದು ಸುಲಭ, ಕೆತ್ತಿ ತೆಗೆದಲ್ಲಿ ಮಸಿ ಹತ್ತುವುದಿಲ್ಲ. ತೆಗೆದದ್ದನ್ನು ಮಾತ್ರ ಮತ್ತೆ ಅಂಟಿಸಲಾಗದು. ಆಗಲೇ ಉಳಿ ಹಿಡಿದು, ಬಲದಿಂದ ಎರಡನೆಯ ಕಟ್ಟೆ ಕೆತ್ತಿ ಹಾಕಿ ಒತ್ತಿದೆ. ಕಾಗದ ಎತ್ತಿದರೆ ಖಾಲಿ ಜಾಗ ಎಡಕ್ಕಿತ್ತು! ಹಲಗೆಯ ಬಲವೇ ಕಾಗದದ ಎಡ ಎಂಬುದು ಈ ಕಸುಬಿನ ಮೊದಲ ಪಾಠ. ತುಳಸಿಕಟ್ಟೆಗೆ ಎಡಬಲ ಎರಡೂ ಒಂದೇ, ಅದಕ್ಕೇ ಮೈಮರೆತೆ ಎಂದು ನೆಪ ಹೇಳಬಹುದು.

"ಹೊಸಾ ಹಲಗಿ ಕೊರೀತೀನವ್ವಾ" ಅಂದೆ.

"ತಡಿ" ಎಂದು ಅವ್ವ ಕಾಗದವನ್ನು ಮಗುಚಿ ಬೆಳಕಿಗೆ ಹಿಡಿದಳು. ಮಸಿ ಹಿಂದಕ್ಕೂ ಇಳಿದಿತ್ತು. ಶಾಂತಾಳ ಜಾಗ ಬಲಕ್ಕೇ ಬಂದಿತ್ತು. "ಕಸೂತಿಗೆ ಹಿಂದ ಮುಂದ ಎರಡೂ ಒಂದ. ಹಿಂಗ ಹಚ್ಚು."

ಈಗ ಅದು ಅವ್ವನ ಕೋಣೆಯ ಕಿಟಕಿಯ ಗಾಜಿನ ಮೇಲಿದೆ, ಮುಖ ಹೊರಗೆ, ಬೆನ್ನು ಒಳಗೆ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ಅವಳು ಆ ಖಾಲಿ ಜಾಗವನ್ನೊಮ್ಮೆ ಮುಟ್ಟುತ್ತಾಳೆ. ಕೆಳಗೆ ನನ್ನ ಹೆಸರು ನಮಗೆಲ್ಲ ಉಲ್ಟಾ ಕಾಣುತ್ತದೆ, ಹೊರಗೆ ಕೂರುವ ಪಾರಿವಾಳಗಳಿಗೆ ಮಾತ್ರ ನೆಟ್ಟಗೆ. ಅದೊಂದನ್ನು ಕೊರೆಯುವಾಗ ನಾನು ಎಡಬಲ ಮರೆತಿರಲಿಲ್ಲ.