ಸೀರೆ ತುಂಬ ಶುಂಠಿ

“ಇದು ನಾನು ಕೇಳಿದ ಸುಂಠಿ ಅಲ್ಲ ಮಾಮಾ!”

“ಸುಂಠಿ ಅಲ್ದೆ ಇನ್ನೇನಮ್ಮ? ನಮ್ಮ ಅಡುಗೆಮನೆ ಗೆಡ್ಡೇನೇ ಮುಂದಿಟ್ಕೊಂಡು ಬರ್ದಿವ್ನಿ. ಬೇಕಾದ್ರೆ ಮೂಸಿ ನೋಡು!”

ಎಡಪ್ಪಾಡಿಯ ನೇಕಾರ ಕುಪ್ಪಸ್ವಾಮಿ ಮಗ್ಗದಿಂದ ಆಗಷ್ಟೇ ಇಳಿಸಿದ ಸೀರೆಯನ್ನು ಹರಡಿ ನಿಂತಿದ್ದ. ಕುಂಕುಮದ ಬಣ್ಣದ ರೇಷ್ಮೆ. ಒಡಲ ತುಂಬ ಗಂಟುಗಂಟಾದ ಹಳದಿ ಗೆಡ್ಡೆಗಳು. ಇಪ್ಪತ್ತು ದಿನ ಬೆನ್ನು ಮುರಿದುಕೊಂಡು ನೇಯ್ದದ್ದು. ಅದನ್ನು ಉಡಬೇಕಾದ ಮದುಮಗಳು ಕಾರ್ತಿಕಾ, ದೂರದ ನೆಂಟರ ಹುಡುಗಿ, ಅಳುವುದೊಂದು ಬಾಕಿ.

“ಫೋನಲ್ಲಿ ‘ಸೀರೆ ಫುಲ್ಲಾ ಇಂಜಿ ಡಿಸೈನು’ ಅಂದಿದ್ದು ನೀನೇ ತಾನೆ? ಇಂಜಿ ಅಂದ್ರೆ ಸುಂಠಿ ಅಲ್ವಾ?”

“ಇಂಜಿ ಪೂ ಮಾಮಾ! ನಮ್ಮ ಮಾಳಿಗೆ ಮೇಲೆ ತೊಟ್ಟೀಲಿ ಐತಲ್ಲ, ಬೆಳ್ಳಗೆ, ಚಿಟ್ಟೆ ಹಂಗೆ, ಆ ಹೂವು!”

ನೂಲು ಸುತ್ತುತ್ತಿದ್ದ ಹೆಂಡತಿ ಪೂಂಗೊಡಿ ತಲೆಯೆತ್ತಿದಳು.

“ಅದರ ಗೆಡ್ಡೆ ಚಾಗೆ ಆಕೋಕೆ ಆಗ್ತದಾ ಮಗಳೇ?”

“ಅಯ್ಯೋ ಕಡವುಳೇ! ತಿನ್ನೋದಲ್ಲ ಅತ್ತೆ, ಆರ್ನಮೆಂಟಲ್!”

“ಆರ್ನಮೆಂಟಾ? ಕತ್ತಿಗಾ, ಕಿವಿಗಾ?” ಎಂದ ಕುಪ್ಪಸ್ವಾಮಿ.

“ಸುಮ್ನೆ ಅಂದಕ್ಕೆ ಬೆಳ್ಸೋದು!”

“ತಿನ್ನಂಗಿಲ್ಲ, ಆಕ್ಕೊಳ್ಳಂಗಿಲ್ಲ, ದಿನಾ ನೀರು ಮಾತ್ರ ಉಯ್ಯಬೇಕು. ತಿಳೀತು ಬಿಡು. ನಮ್ಮ ನೇಕಾರರ ಸಂಘದ ಅಧ್ಯಕ್ಷರ ಜಾತಿ.”

“ತಮಾಷೆ ಮಾಡ್ಬೇಡಿ ಮಾಮಾ! ಬರೋ ಬುಧವಾರ ಮುಹೂರ್ತ. ಚಟ್ನಿಗೆ ಜಜ್ಜೋ ಗೆಡ್ಡೆ ಉಟ್ಕೊಂಡು ಹಸೆಮಣೆ ಮೇಲೆ ಕೂತ್ಕೊಳ್ಳಲಾ? ಬೇರೆ ನೇಯ್ದು ಕೊಡಿ.”

“ಇನ್ನೂ ಇಪ್ಪತ್ತು ದಿನ ಬೇಕು. ಮದುವೆ ಮುಂದಕ್ಕಾಕು.”

ಹೊರಗೆ ಆಟೋ ನಿಂತಿತು. ಸೀರೆ ನೋಡಲೆಂದೇ ಪೆನ್ನಾಗರಂನಿಂದ ಬಂದ ಭಾವೀ ಅತ್ತೆ ನಾರಾಯಣಮ್ಮ ಇಳಿದರು. ಕಾರ್ತಿಕಾ ಸೀರೆಯನ್ನು ಮುದುರಿ ಬೆನ್ನ ಹಿಂದೆ ಬಚ್ಚಿಟ್ಟಳು. ಅವರು ಬಿಡಲಿಲ್ಲ. ಸೆರಗು ಎಳೆದು, ಕನ್ನಡಕ ಏರಿಸಿ, ಒಂದು ಗೆಡ್ಡೆಯ ಮೇಲೆ ಬೆರಳಾಡಿಸಿದರು.

“ಶಿವನೇ! ಕುಂಕುಮದ ಮೇಲೆ ಅರಿಸ್ನದ ಕೊಂಬು! ಇಂಥ ಲಕ್ಷಣವಾದ ಸೀರೆ ನಾನು ಕಂಡೇ ಇಲ್ಲ. ಯಾರಿಗೆ ತೋಚ್ತು ಇದು?”

ಕುಪ್ಪಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಕಾರ್ತಿಕಾ ಮುಂದೆ ಬಂದಳು.

“ನಂಗೇ ಅತ್ತೆ. ಮಾಮಾ ಹೂವೇ ಸಾಕು ಅಂತ ಹಟ ಹಿಡಿದಿದ್ರು. ನಾನೇ ಒತ್ತಾಯ ಮಾಡಿ ನೇಯ್ಸಿದ್ದು.”

ಪೂಂಗೊಡಿಯ ಕೈಯಿಂದ ನೂಲುಂಡೆ ಉರುಳಿತು. ನಾರಾಯಣಮ್ಮ ಕುಪ್ಪಸ್ವಾಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಚಿಕ್ಕ ಉಡುಗಿಗೆ ಇಷ್ಟು ತಿಳಿದೈತೆ, ನಿನಗೆ ತಿಳೀಬೇಡ್ವಾ? ಇರ್ಲಿ, ನಂಗೂ ಒಂದು ನೇಯಿ. ಆದ್ರೆ ಕೊಂಬು ಒಂಚೂರು ಸಣ್ಣಕ್ಕಿರಲಿ, ಇದು ಸುಂಠಿ ಹಂಗೆ ಕಾಣ್ತದೆ!”